ಅರ್ವಿಡ್ ಹುಲ್ಲು ಕಾಯ್ದದ್ದು

ಅರ್ವಿಡ್ ಲುಂಡನ ಪಾಡಿಗೆಲ್ಲ ಕಾರಣ ಒಂದು ಹಳದಿ ಹೂವು. ಹೆಂಡತಿ ಮಾರ್ಲಿಸ್ ಅಕ್ಕನ ಮನೆಗೆ ಹೋದ ಎರಡು ಮೂರು ದಿನಕ್ಕೆ ಮನೆ ಮುಂದಿನ ಹುಲ್ಲಿನ ನಟ್ಟನಡುವೆ ಅದು ತಲೆ ಎತ್ತಿತು. ಬಗ್ಗಿ ಕಿತ್ತು ಬಿಸಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅರ್ವಿಡ್ ಬೆಣ್ಣೆ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಂಡು ನಿವೃತ್ತನಾದವನು. ಬಗ್ಗುವುದಕ್ಕಿಂತ ಯಾವುದಾದರೊಂದು ಸಾಧನ ಹುಡುಕುವುದು ಅವನ ಸ್ವಭಾವ. ಗ್ಯಾರೇಜಿನಲ್ಲಿ ಮಾರ್ಲಿಸ್ ಇಟ್ಟಿದ್ದ ಎರಡು ಡಬ್ಬಗಳಲ್ಲಿ ಒಂದನ್ನು ತಂದು ಹೂವಿಗೆ ಹೊಡೆದ. ಅದರ ನೆಂಟರಿಷ್ಟರು ಅಕ್ಕಪಕ್ಕ ಇದ್ದರೂ ಇರಬಹುದೆಂದು ಸುತ್ತಲೂ ಧಾರಾಳವಾಗಿ ಹೊಡೆದ.

ಒಂದು ಡಬ್ಬದ ಔಷಧ ಕಳೆಯನ್ನು ಮಾತ್ರ ಕೊಲ್ಲುತ್ತದೆ, ಹುಲ್ಲಿನ ತಂಟೆಗೆ ಹೋಗುವುದಿಲ್ಲ. ಇನ್ನೊಂದು ಹಸಿರಾಗಿರುವುದನ್ನೆಲ್ಲ ಕೊಲ್ಲುತ್ತದೆ. ಅದನ್ನು ಮಾರ್ಲಿಸ್ ಕಾಂಕ್ರೀಟಿನ ಬಿರುಕುಗಳಿಗಾಗಿ ಇಟ್ಟುಕೊಂಡಿದ್ದಳು. ಅರ್ವಿಡನ ಕೈಗೆ ಸಿಕ್ಕಿದ್ದು ಇದು. ವಾರ ಕಳೆಯುವಷ್ಟರಲ್ಲಿ ಹುಲ್ಲಿನ ನಡುವೆ ಊಟದ ಮೇಜಿನಷ್ಟು ಅಗಲದ ಬೋಳು ಎದ್ದು ಕೂತಿತು.

ಮಾರ್ಲಿಸಳ ಹುಲ್ಲೆಂದರೆ ನಮ್ಮೂರಿನಲ್ಲಿ ಸುಮ್ಮನೆ ಮಾತಲ್ಲ. ಊರಿನವರೆಲ್ಲ ವಸಂತ ಬಂತೆಂದು ಗೊಬ್ಬರ ಸುರಿಯುವಾಗ ಇವಳು ಕೈಕಟ್ಟಿ ಕೂರುತ್ತಾಳೆ. ಚಳಿ ಬರುವ ಮುಂಚೆ, ಬೇರು ಹಸಿದಿರುವಾಗ, ಹದವಾಗಿ ಉಣಿಸುತ್ತಾಳೆ. ನಾಲ್ಕು ಬೆರಳಿಗಿಂತ ಗಿಡ್ಡ ಕತ್ತರಿಸುವುದಿಲ್ಲ. ನೀರು ಕೊಟ್ಟರೆ ಬೆಳಗಿನ ಜಾವ, ಅದೂ ಬೇರಿಗೆ ಇಳಿಯುವಷ್ಟು. ಮೂವತ್ತು ವರ್ಷದಿಂದ ಆ ಹುಲ್ಲಿಗೆ ಗಂಡನ ಕೈ ತಾಗಲು ಬಿಟ್ಟವಳಲ್ಲ. ಆದರೆ ಡುಲೂತ್ ಪಟ್ಟಣದಲ್ಲಿ ಅಕ್ಕ ಮೆಟ್ಟಿಲಿಂದ ಬಿದ್ದು ಮಂಡಿ ಮುರಿದುಕೊಂಡಳೆಂದು ಫೋನ್ ಬಂದಾಗ, ಬೆಳಕು ಹರಿಯುವ ಮುಂಚೆ ಸೂಟ್‌ಕೇಸ್ ಕಾರಿಗೆ ಹಾಕಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹುಲ್ಲು ನಿನ್ನ ಕೈಲಿ ಬಿಟ್ಟು ಹೋಗ್ತಿದೀನಿ, ಅರ್ವಿಡ್" ಅಂದಿದ್ದಳು. ಮದುವೆಯಾದಾಗಿನಿಂದ ಅವಳು ತನ್ನ ಮೇಲೆ ಇಷ್ಟು ನಂಬಿಕೆ ಇಟ್ಟದ್ದು ಅವನಿಗೆ ನೆನಪಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಇದಕ್ಕೇ ಇರಬೇಕು.

ಅರ್ವಿಡ್ ಪಕ್ಕದೂರಿನ ಅಂಗಡಿಗೆ ಹೋಗಿ ಬೀಜ ತಂದ. ನಮ್ಮೂರಲ್ಲಿ ಕೊಂಡರೆ ಸಂಜೆಯೊಳಗೆ ಚರ್ಚಿನ ಅಡುಗೆಮನೆಗೆ ಸುದ್ದಿ ಮುಟ್ಟುತ್ತದೆ. ಸತ್ತ ಹುಲ್ಲನ್ನು ಕೆರೆದು ತೆಗೆದು, ಮಣ್ಣು ಸಡಿಲಿಸಿ, ಬಿತ್ತಿ, ಯಾರೂ ಏಳುವ ಮುಂಚೆ ನೀರು ಚಿಮುಕಿಸಿದ. ಬೋಳು ಬೀದಿಗೆ ಕಾಣಬಾರದೆಂದು ಸುತ್ತಲಿನ ಹುಲ್ಲನ್ನು ಕತ್ತರಿಸದೆ ಬೆಳೆಯಲು ಬಿಟ್ಟ. ಸೆಪ್ಟೆಂಬರಿನ ತಂಪಿಗೆ ಬೀಜ ಬೇಗ ಮೊಳೆಯಿತು. ಎಳೆಮಗುವಿನ ತಲೆಗೂದಲಿನ ಹಾಗೆ ಹಸಿರು ಮೂಡಿದ ದಿನ ಅವನು ಮೊಣಕಾಲೂರಿ ಕೂತು ಅದನ್ನು ಬೆರಳಿನಿಂದ ಸವರಿದ್ದ.

ಈ ಶನಿವಾರ ಮಧ್ಯಾಹ್ನ ಮಾರ್ಲಿಸ್ ಬರುವವಳಿದ್ದಳು. ಅವನ ಲೆಕ್ಕಾಚಾರ ಸರಳವಾಗಿತ್ತು. ಇಬ್ಬನಿ ಆರಿದ ಮೇಲೆ ಎಳೆ ಹುಲ್ಲಿನ ಭಾಗವನ್ನು ಮಾತ್ರ ಬಿಟ್ಟು ಸುತ್ತಲೂ ಕತ್ತರಿಸಿಬಿಡುವುದು. ಎಳೆ ಹುಲ್ಲಿನ ಬೇರು ಇನ್ನೂ ಮಣ್ಣು ಕಚ್ಚಿಲ್ಲ, ಅದರ ಮೇಲೆ ಮೆಷೀನಿನ ಚಕ್ರ ಹರಿದರೆ ಬುಡಸಮೇತ ಕಿತ್ತು ಬರುತ್ತದೆ. ಇಷ್ಟು ತೆಳ್ಳಗೆ ಯಾಕಿದೆ ಎಂದು ಅವಳು ಕೇಳಿದರೆ ಬಿಸಿಲು ಅಂದರಾಯಿತು. ಇನ್ನೊಂದೆರಡು ವಾರದಲ್ಲಿ ಗುರುತೇ ಸಿಗುವುದಿಲ್ಲ.

ಆ ಶನಿವಾರ ಬೆಳಿಗ್ಗೆ ಇಬ್ಬನಿ ಆರಲೆಂದು ಅವನು ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾಗ ಎದುರು ಮನೆಯ ಡೆಲೋರಿಸ್ ಕ್ವಿಸ್ಟ್ ಎರಡೂ ಕೈಯಲ್ಲಿ ಗಾಜಿನ ತಟ್ಟೆ ಹಿಡಿದು ಬೀದಿ ದಾಟಿ ಬಂದಳು. ತಟ್ಟೆಯಲ್ಲಿ ಬಿಸಿಬಿಸಿ ಹಾಟ್‌ಡಿಶ್. ಮಾಂಸದ ಕೈಮ, ಬೀನ್ಸ್, ಮೇಲೆ ಸಾಲಾಗಿ ಜೋಡಿಸಿದ ಆಲೂಗಡ್ಡೆ ಉಂಡೆ. ನಮ್ಮೂರಿನಲ್ಲಿ ಯಾರ ಮನೆಯ ದುಃಖವನ್ನೂ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಓವನ್ ಹೊತ್ತಿಸುತ್ತಾರೆ. ಕಾರಣವಿಲ್ಲದೆ ಹಾಟ್‌ಡಿಶ್ ಬಂದರೆ ನಿಮ್ಮ ಮನೆಯಲ್ಲಿ ಏನೋ ಆಗಿದೆ, ನಿಮಗೆ ಇನ್ನೂ ಗೊತ್ತಾಗಿಲ್ಲ ಅಷ್ಟೆ.

"ಮಾರ್ಲಿಸ್..." ಎಂದು ಡೆಲೋರಿಸ್ ಅರ್ಧಕ್ಕೆ ನಿಲ್ಲಿಸಿದಳು.

"ಅಕ್ಕನ ಮನೇಲಿದಾಳೆ. ಅಕ್ಕನಿಗೆ ಮಂಡಿ ಆಪರೇಷನ್ ಆಯ್ತಲ್ಲ."

"ಹೌದು ಹೌದು. ಅಕ್ಕನ ಮನೆ." ಡೆಲೋರಿಸ್ ಅವನ ಭುಜ ತಟ್ಟಿದಳು. "ಮಂಡಿ ವಾಸಿ ಆಗೋಕೆ ಟೈಮ್ ಬೇಕು, ಅರ್ವಿಡ್. ಕೆಲವು ಸಲ ವಾಸೀನೇ ಆಗಲ್ಲ. ಆದ್ರೂ ನಾವು ಬದುಕಬೇಕಲ್ಲ."

ಆಗ ಅರ್ವಿಡನಿಗೆ ಅರ್ಥವಾಯಿತು. ಕತ್ತಲಿರುವಾಗಲೇ ಸೂಟ್‌ಕೇಸ್ ಕಾರಿಗೇರಿದ್ದನ್ನು ಡೆಲೋರಿಸ್ ಕಿಟಕಿಯಿಂದ ನೋಡಿದ್ದಾಳೆ. ಅಂದಿನಿಂದ ಮಾರ್ಲಿಸ್ ಕಂಡಿಲ್ಲ. ಊರಿಗೇ ಮಾದರಿಯಾದ ಹುಲ್ಲು ಮೊಣಕಾಲಿನವರೆಗೆ ಬೆಳೆದಿದೆ, ಯಜಮಾನ ಪೈಜಾಮದಲ್ಲಿ ಕೂತು ಅದನ್ನೇ ದಿಟ್ಟಿಸುತ್ತಿದ್ದಾನೆ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ಕೋರ್ಟಿಗೆ ಬೇಕು? ಹೆಂಡತಿ ಬಿಟ್ಟು ಹೋದವರೆಲ್ಲ ಮೊದಲು ಹೇಳುವುದೇ ಅಕ್ಕನ ಮನೆಗೆ ಹೋಗಿದ್ದಾಳೆ ಅಂತ.

ಅವನು ಜೇಬಿನಿಂದ ಫೋನ್ ತೆಗೆದ. ಮಾರ್ಲಿಸಳಿಗೇ ಫೋನ್ ಮಾಡಿ ಡೆಲೋರಿಸಳ ಕೈಗೆ ಕೊಟ್ಟರೆ ಮುಗಿಯಿತು. ಆದರೆ ಡೆಲೋರಿಸ್ ಫೋನ್ ಹಿಡಿದ ತಕ್ಷಣ ಮೊದಲು ಹೇಳುವ ಮಾತು ಹುಲ್ಲಿನದು. ಅದಕ್ಕೆ ಯಾವ ಅನುಮಾನವೂ ಇಲ್ಲ. ಅವನು ಫೋನನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಜೇಬಿಗಿಟ್ಟ. ಅದನ್ನು ನೋಡಿ ಡೆಲೋರಿಸಳ ಕಣ್ಣು ತುಂಬಿಬಂತು. ತಟ್ಟೆಯನ್ನು ಒಳಗಿಟ್ಟು ಮನೆಗೆ ನಡೆದಳು.

ಅವಳು ಹೋಗಿ ಗಂಡನನ್ನು ಕಳಿಸಿದಳು. ಹಾರ್ಲನ್ ಕ್ವಿಸ್ಟ್ ಒಳ್ಳೆಯವನು. ಯಾರ ಕಾರು ಹಿಮದಲ್ಲಿ ಹೂತರೂ ಮೊದಲು ಸಲಿಕೆ ಹಿಡಿದು ಬರುವವನು ಅವನೇ. ಈಗ ಸವಾರಿ ಮಾಡುವ ದೊಡ್ಡ ಹುಲ್ಲಿನ ಮೆಷೀನಿನ ಮೇಲೆ ಕೂತು ಗಡಗಡ ಎಂದು ಬೀದಿ ದಾಟಿ ಬರುತ್ತಿದ್ದ. ಅರ್ವಿಡ್ ಕಾಫಿ ಲೋಟ ಬಿಟ್ಟು, ಗ್ಯಾರೇಜಿನ ಗೋಡೆಗೆ ಒರಗಿಸಿದ್ದ ಮಡಿಚುವ ಕುರ್ಚಿ ಎಳೆದುಕೊಂಡು ಓಡಿದ. ಎಳೆ ಹುಲ್ಲಿನ ಅಂಚಿಗೆ ಕುರ್ಚಿ ಹಾಕಿ, ಅದಕ್ಕೆ ಅಡ್ಡಲಾಗಿ ಕಾಲು ಚಾಚಿ ಕೂತುಬಿಟ್ಟ.

"ಹಾರ್ಲನ್, ಇವತ್ತು ಹುಲ್ಲು ಮುಟ್ಟಬೇಡ."

"ನೀನು ಸುಮ್ನೆ ಕೂತಿರು ಮಾರಾಯ. ಅರ್ಧ ಗಂಟೆ ಕೆಲಸ."

ಅರ್ವಿಡನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಬಾಯಿಗೆ ಬಂದದ್ದು ನಿಜವೇ. "ಇದು ಮಾರ್ಲಿಸಳ ಹುಲ್ಲು ಕಣೋ. ಕೊನೇ ಸಲ ಕತ್ತರಿಸಿದ್ದು ಅವಳೇ."

ಹಾರ್ಲನ್ ಮೆಷೀನ್ ಆರಿಸಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಮನೆಗೆ ಹೋಗಿ ತನ್ನ ಕುರ್ಚಿಯನ್ನೂ ತಂದು ಅರ್ವಿಡನ ಪಕ್ಕದಲ್ಲಿ ಹಾಕಿಕೊಂಡು ಕೂತ. ಸ್ವಲ್ಪ ಹೊತ್ತಿಗೆ ಬೀದಿಯ ಇನ್ನಿಬ್ಬರು ಕುರ್ಚಿ ತಂದರು, ಆಮೇಲೆ ಇನ್ನೂ ಮೂವರು. ಎಲ್ಲರೂ ಮಂಡಿಯೆತ್ತರದ ಹುಲ್ಲಿನಲ್ಲಿ ಸುತ್ತ ಕೂತು ಮಳೆ, ಮೀನು, ಮೆಕ್ಕೆಜೋಳದ ವಿಷಯ ಮಾತಾಡಿದರು. ಹೆಂಡತಿ ಅನ್ನುವ ಶಬ್ದ ಯಾರ ಬಾಯಲ್ಲೂ ಬರಲಿಲ್ಲ. ತಮಗೂ ಹೆಂಡತಿಯಿದ್ದಾಳೆ ಎಂದು ತೋರಿಸಿಕೊಳ್ಳಲು ಕೂಡ ಅವರು ಸಂಕೋಚಪಟ್ಟರು.

ಅರ್ವಿಡ್ ಒಳಗೊಳಗೇ ಬೇಯುತ್ತಿದ್ದ. ಎದ್ದರೆ ಎಳೆ ಹುಲ್ಲು ಕಾಣುತ್ತದೆ. ಏಳದಿದ್ದರೆ ಉಳಿದ ಹುಲ್ಲು ಕತ್ತರಿಸುವುದು ಹೇಗೆ? ಮೂತ್ರಕ್ಕೆ ಹೋಗುವಂತಿಲ್ಲ. ಕಾಫಿಯ ಮೇಲೆ ಕಾಫಿ ಬರುತ್ತಿತ್ತು, ಬೇಡವೆಂದರೆ ಇವನು ಊಟನಿದ್ರೆ ಬಿಟ್ಟಿದ್ದಾನೆ ಅನ್ನುತ್ತಾರೆ. ಒಳಗೆ ಅಡುಗೆಮನೆಯಲ್ಲಿ ಹಾಟ್‌ಡಿಶ್‌ಗಳು ಒಂದರ ಪಕ್ಕ ಒಂದು ಸೇರುತ್ತಿದ್ದವು. ಚರ್ಚಿನಿಂದ ಕಬ್ಬಿಣದ ಕುರ್ಚಿಗಳು ಬಂದವು. ಎಲ್ಲ ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದ. ಆದರೆ ಹೆಂಡತಿ ಬಿಟ್ಟು ಹೋದ ಗಂಡನನ್ನು ಊರು ಕನಿಕರದಿಂದ ನೋಡುತ್ತದೆ. ಮಾರ್ಲಿಸಳ ಹುಲ್ಲು ಕೊಂದವನನ್ನು ಹಾಗೆ ನೋಡುವುದಿಲ್ಲ. ಎರಡನ್ನೂ ತೂಗಿ ನೋಡಿ ಬಾಯಿ ಮುಚ್ಚಿಕೊಂಡ.

ಊಟದ ಹೊತ್ತು ದಾಟಿದ ಮೇಲೆ ಪಾಸ್ಟರ್ ಸೋಲ್ವೇಗ್ ಬಂದರು. ನಮ್ಮ ಚರ್ಚಿಗೆ ಹೊಸಬರು, ಚಿಕ್ಕ ವಯಸ್ಸು, ದುಃಖದಲ್ಲಿರುವವರನ್ನು ನೋಡಿಕೊಳ್ಳುವುದರಲ್ಲಿ ವಿಶೇಷ ತರಬೇತಿ ಪಡೆದವರು. ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅರ್ವಿಡನ ಕೈ ಹಿಡಿದುಕೊಂಡರು.

"ನೀವು ಇದನ್ನ ಬಿಗಿಯಾಗಿ ಹಿಡ್ಕೊಂಡಿದೀರಿ, ಅಲ್ವಾ?" ಅಂದರು.

"ಇನ್ನೊಂದೆರಡು ಗಂಟೆ ಹಿಡ್ಕೊಂಡ್ರೆ ಸಾಕಾಗಿತ್ತು ನನಗೆ," ಅಂದ ಅರ್ವಿಡ್.

"ಒಂದೊಂದು ಸಲ ಬಿಡೋದು ನಮ್ಮ ಕೈಲಿ ಆಗಲ್ಲ. ಜೊತೆಯವರು ಬಿಡಿಸಬೇಕಾಗತ್ತೆ." ಪಾಸ್ಟರ್ ತಲೆ ಎತ್ತಿ ಹಾರ್ಲನ್‌ನ ಕಡೆ ನೋಡಿದರು.

ಹಾರ್ಲನ್ ಉಳಿದವರ ಕಡೆ ನೋಡಿದ. ನಾಲ್ಕು ಜನ ಎದ್ದು ಅರ್ವಿಡನನ್ನು ಕುರ್ಚಿ ಸಮೇತ ಎತ್ತಿದರು. ಅವನು ಬೇಡ ಬೇಡ ಎಂದು ಕಾಲು ಜಾಡಿಸಿದ. ಅಳಲಿ, ಅತ್ತರೆ ಹಗುರಾಗುತ್ತದೆ ಎಂದು ಪಾಸ್ಟರ್ ಸಮಾಧಾನ ಹೇಳಿದರು. ಪಲ್ಲಕ್ಕಿಯ ಮೇಲಿನ ದೇವರ ಹಾಗೆ ಅರ್ವಿಡ್ ಹುಲ್ಲಿನ ಮೇಲೆ ತೇಲಿಹೋಗಿ ಮನೆಯ ಜಗುಲಿಯಲ್ಲಿ ಇಳಿದ. ಅಲ್ಲಿಂದಲೇ ಅವನು ನೋಡಿದ. ಬೀದಿಯವರೆಲ್ಲ ತಂದ ನಾಲ್ಕು ಮೆಷೀನುಗಳು ಒಟ್ಟಿಗೆ ಹೊರಟವು, ಹಾರ್ಲನ್‌ನ ದೊಡ್ಡ ಮೆಷೀನ್ ಸರಿಯಾಗಿ ನಡುವಿಗೆ ಬಂದು, ಎಳೆ ಹುಲ್ಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ತಿರುಗಿ ಗಿರಕಿ ಹೊಡೆಯಿತು. ಅವನು ಕಣ್ಣು ಮುಚ್ಚಿಕೊಂಡ.

ಮೆಷೀನುಗಳು ನಿಂತಾಗ ಹುಲ್ಲು ಚೆನ್ನಾಗಿಯೇ ಕತ್ತರಿಸಿಯಾಗಿತ್ತು. ನಡುವೆ ಮಾತ್ರ ಮಣ್ಣು ಬಾಯಿ ತೆರೆದುಕೊಂಡಿತ್ತು. ಜನ ಅದರ ಸುತ್ತ ನಿಂತರು. ಅರ್ವಿಡ್ ಜಗುಲಿಯ ಕಂಬ ಹಿಡಿದುಕೊಂಡ. ಇನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ, ತಾನು ಹೇಳಲೇಬೇಕು.

ಹಾರ್ಲನ್ ಬಹಳ ಹೊತ್ತು ನೋಡಿದ. "ಪಾಪ," ಅಂದ. "ದಿನಾ ಕೂತೂ ಕೂತೂ ಅಡಿಯ ಹುಲ್ಲೇ ಸತ್ತುಹೋಗಿದೆ ನೋಡ್ರೋ."

ಯಾರೂ ಎದುರಾಡಲಿಲ್ಲ. ಒಬ್ಬಿಬ್ಬರು ಮೂಗು ಒರೆಸಿಕೊಂಡರು. ಹಾರ್ಲನ್ ಮಾತು ಮುಗಿಸಿ ಮನೆಗೆ ಹೋದವನು ಒಂಟಿಚಕ್ರದ ಗಾಡಿಯಲ್ಲಿ ತನ್ನ ಹಿತ್ತಲಿಂದ ಬೇರು ಮಣ್ಣು ಸಮೇತ ಚಾಪೆಯ ಹಾಗೆ ಎಬ್ಬಿಸಿದ ಹುಲ್ಲನ್ನು ತಂದ. ಎಲ್ಲರೂ ಸೇರಿ ಅದನ್ನು ಬೋಳಿನ ಮೇಲೆ ಹಾಸಿ, ಅಂಚು ಒತ್ತಿ, ಮೇಲೆ ತುಳಿದು, ನೀರು ಬಿಟ್ಟರು. ಹಸಿರು ಹಸಿರಿಗೆ ಸೇರಿಹೋಯಿತು. ಗಾಳಿಯಲ್ಲಿ ಪುದೀನದಂಥ ಹಿತವಾದ ವಾಸನೆ ತೇಲಿಬಂತು.

ಅರ್ವಿಡ್ ಕಂಬ ಬಿಟ್ಟು ಮೆಲ್ಲಗೆ ಇಳಿದು ಬಂದು ನೋಡಿದ. ಬೋಳು ಎಲ್ಲಿತ್ತು ಎಂದು ಅವನಿಗೇ ಗುರುತು ಸಿಗಲಿಲ್ಲ. ಮೂರು ವಾರದಲ್ಲಿ ತನ್ನಿಂದ ಆಗದ್ದನ್ನು ನೆರೆಯವರು ಅರ್ಧ ಗಂಟೆಯಲ್ಲಿ ಮಾಡಿದ್ದರು. ಹಾರ್ಲನ್‌ನ ಕೈ ಹಿಡಿದು ಕುಲುಕಿದ. ಈಗ ಉಳಿದದ್ದು ಹೆಂಡತಿ ಬಿಟ್ಟುಹೋದ ಸುದ್ದಿ ಒಂದೇ. ಅದಕ್ಕೆ ಉತ್ತರ ಇನ್ನರ್ಧ ಗಂಟೆಯಲ್ಲಿ ತಾನಾಗಿ ಕಾರಿನಲ್ಲಿ ಬಂದಿಳಿಯುತ್ತದೆ. ಅವನಿಗೆ ಆಗ ಹಸಿವಾಯಿತು. ಹಾಟ್‌ಡಿಶ್‌ಗಳನ್ನೆಲ್ಲ ಹೊರಗೆ ತರಿಸಿದ. ಎಲ್ಲರೂ ತಟ್ಟೆ ಹಿಡಿದು ಹುಲ್ಲಿನ ಮೇಲೆ ಕೂತರು.

ಮಾರ್ಲಿಸಳ ಕಾರು ಬೀದಿ ತಿರುವಿನಲ್ಲಿ ಕಂಡಿತು. ಮನೆಗಿಂತ ಎಷ್ಟೋ ಹಿಂದೆಯೇ, ರಸ್ತೆಯ ನಡುವೆ ನಿಂತಿತು. ಅವಳ ಕಣ್ಣಿಗೆ ಬಿದ್ದದ್ದು ಇಷ್ಟು: ಮನೆ ಮುಂದೆ ಚರ್ಚಿನ ಕುರ್ಚಿಗಳು, ಬಿಳಿ ಕಾಲರಿನ ಪಾಸ್ಟರ್, ತಗ್ಗಿದ ದನಿಯಲ್ಲಿ ಮಾತಾಡುವ ಊರವರು, ಮೇಜಿನ ತುಂಬ ಹಾಟ್‌ಡಿಶ್. ನಮ್ಮೂರಲ್ಲಿ ಹುಟ್ಟಿ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಾರಿನ ಬಾಗಿಲನ್ನೂ ಮುಚ್ಚದೆ ಓಡಿಬಂದಳು. ಬಾಯಲ್ಲಿ ಆಲೂಗಡ್ಡೆ ಉಂಡೆ ಇಟ್ಟುಕೊಂಡು ಎದ್ದು ನಿಂತ ಗಂಡನ ಎರಡೂ ಕೆನ್ನೆ ಹಿಡಿದು, "ಬದುಕಿದೀಯಾ," ಅಂದಳು. ಮತ್ತೆ ಅದನ್ನೇ ಅಂದಳು. ಎಲ್ಲರೆದುರಿಗೆ ಅವನ ಎದೆಗೆ ಮುಖ ಒತ್ತಿ ಅತ್ತಳು.

ನಮ್ಮ ಕಡೆಯವರು ಇಂಥದ್ದನ್ನು ನೋಡುತ್ತಾ ನಿಲ್ಲುವವರಲ್ಲ. ಎಲ್ಲರೂ ಸದ್ದಿಲ್ಲದೆ ಕುರ್ಚಿ ಮಡಿಚತೊಡಗಿದರು. ಡೆಲೋರಿಸ್ ಮಾತ್ರ ಮಾರ್ಲಿಸಳನ್ನು ಪಕ್ಕಕ್ಕೆ ಕರೆದು ನಡೆದದ್ದನ್ನೆಲ್ಲ ಕಿವಿಯಲ್ಲಿ ಹೇಳಿದಳು. ನೀನು ಕೊನೆಗೆ ಕತ್ತರಿಸಿದ ಹುಲ್ಲೆಂದು ಯಾರಿಗೂ ಮುಟ್ಟಲು ಬಿಡಲಿಲ್ಲವಂತೆ, ಕೂತ ಜಾಗದಲ್ಲಿ ಹುಲ್ಲೇ ಸತ್ತುಹೋಯಿತಂತೆ. ಮಾರ್ಲಿಸ್ ತಿರುಗಿ ಗಂಡನನ್ನು ನೋಡಿದಳು. ಮದುವೆಯ ದಿನವೂ ಅವಳು ಹಾಗೆ ನೋಡಿರಲಿಲ್ಲ. ಅರ್ವಿಡನಿಗೆ ಸಂತೋಷವೂ ನಾಚಿಕೆಯೂ ಒಟ್ಟಿಗೆ ಆಯಿತು.

ಅಷ್ಟರಲ್ಲಿ ಮಾರ್ಲಿಸಳ ಮೂಗು ಅರಳಿತು. ಒಮ್ಮೆ ಉಸಿರೆಳೆದುಕೊಂಡಳು, ಇನ್ನೊಮ್ಮೆ ಎಳೆದುಕೊಂಡಳು. ನೇರವಾಗಿ ಹುಲ್ಲಿನ ನಡುವೆ ನಡೆದು ಮಂಡಿಯೂರಿ, ಹುಲ್ಲಿನ ಎಳೆಗಳ ಸಂದಿಯಿಂದ ದುಂಡನೆಯ, ಅಂಚು ಸೊಟ್ಟಗಿನ ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿ ಮೂಸಿದಳು. ಮುಖದ ಬಣ್ಣ ಇಳಿದುಹೋಯಿತು.

ನಾವು ಚಾರ್ಲಿ ಅನ್ನುವ ಕಳೆ ಅದು. ಗಂಟುಗಂಟಿಗೆ ಬೇರು ಬಿಟ್ಟು ನೆಲದಲ್ಲೇ ಹಬ್ಬುತ್ತದೆ, ಒಂದು ಚೂರು ಉಳಿದರೂ ವರ್ಷದೊಳಗೆ ಅಂಗಳವನ್ನೇ ನುಂಗುತ್ತದೆ. ಹಾರ್ಲನ್‌ಗೆ ಹಸಿರಾಗಿರುವುದೆಲ್ಲ ಹುಲ್ಲೇ. ಅವನ ಹಿತ್ತಲಲ್ಲಿ ಅರ್ಧಕ್ಕರ್ಧ ಚಾರ್ಲಿ. ಅದು ಬೀದಿ ದಾಟದ ಹಾಗೆ ಮಾರ್ಲಿಸ್ ಮೂವತ್ತು ವರ್ಷದಿಂದ ಕಾವಲು ನಿಂತಿದ್ದಳು, ಅವನ ಮನಸ್ಸಿಗೆ ನೋವಾದೀತೆಂದು ಒಂದು ದಿನವೂ ಹೇಳಿರಲಿಲ್ಲ. ಈಗ ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಊರವರೆಲ್ಲ ಸೇರಿ ಮನೆಯೊಳಗೆ ಕರೆದು ಕೂರಿಸಿದ್ದರು.

"ನನ್ನ ಹಿತ್ತಲಿಂದ ತಂದಿದ್ದು, ಮಾರ್ಲಿಸ್," ಅಂದ ಹಾರ್ಲನ್, ನೀರಿನ ಪೈಪು ಹಿಡಿದುಕೊಂಡು, ಮುಖದ ತುಂಬ ನಗು. "ಬೇರು ಹಿಡಿಯೋವರೆಗೂ ಬೆಳಿಗ್ಗೆ ಸಂಜೆ ನಾನೇ ಬಂದು ನೀರು ಹಾಕ್ತೀನಿ."

ಮಾರ್ಲಿಸ್ ಎದ್ದು ನಿಂತಳು. "ಓ," ಅಂದಳು. ತುಸು ಹೊತ್ತು ಬಿಟ್ಟು, "ಬೇರೆ ಥರಾನೇ ಇದೆ, ಹಾರ್ಲನ್," ಅಂದಳು. ನಮ್ಮೂರಲ್ಲಿ ಇದಕ್ಕಿಂತ ಕಠಿಣವಾದ ಮಾತು ಇನ್ನೊಂದಿಲ್ಲ. ಹಾರ್ಲನ್ ಅದನ್ನು ಹೊಗಳಿಕೆ ಎಂದುಕೊಂಡು ಹಿಗ್ಗಿದ.

ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಅರ್ವಿಡ್ ಎಲ್ಲ ಒಪ್ಪಿಕೊಂಡ. ಹೂವು, ಡಬ್ಬ, ಬೀಜ, ಕುರ್ಚಿ, ಒಂದನ್ನೂ ಬಿಡಲಿಲ್ಲ. ಮಾರ್ಲಿಸ್ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೇಳಿದಳು.

"ಹಾಗಾದ್ರೆ ನೀನು ಕೂತಿದ್ದು ನನಗೋಸ್ಕರ ಅಲ್ಲ."

"ಹುಲ್ಲಿಗೋಸ್ಕರ," ಅಂದ ಅರ್ವಿಡ್. ಆಮೇಲೆ, "ನಿನ್ನ ಮುಖ ಹೆಂಗಾಗತ್ತೋ ಅಂತ ಭಯ ಆಗಿತ್ತು. ಊರೆಲ್ಲ ಏನಂದ್ಕೊಂಡ್ರೂ ಪರವಾಗಿಲ್ಲ, ನಿನಗೆ ಬೇಜಾರಾಗಬಾರದು ಅನ್ನಿಸ್ತು. ಅದು ಯಾರಿಗೋಸ್ಕರ ಅಂತ ನೀನೇ ಹೇಳು."

ಮಾರ್ಲಿಸ್ ಎದ್ದು ಅವನ ಅಂಗಿಗೆ ಅಂಟಿದ್ದ ಹುಲ್ಲಿನ ಎಳೆಗಳನ್ನು ಒಂದೊಂದಾಗಿ ತೆಗೆದಳು. ಅವಳ ಸಿಟ್ಟು ಅಲ್ಲಿಗೆ ಮುಗಿಯಿತು. ಆದರೆ ಚಾರ್ಲಿ ಮುಗಿಯಲಿಲ್ಲ. ಅದನ್ನು ಈ ವಾರವೇ ಬುಡಸಮೇತ ತೆಗೆಯದಿದ್ದರೆ ಕೆಟ್ಟಿತು. ತೆಗೆಯೋಣವೆಂದರೆ ಹಾರ್ಲನ್ ಬೆಳಿಗ್ಗೆ ಸಂಜೆ ಪೈಪು ಹಿಡಿದು ಬರುತ್ತಾನೆ. ಪ್ರೀತಿಯಿಂದ ಕೊಟ್ಟದ್ದನ್ನು ಕೊಟ್ಟವನ ಕಣ್ಣೆದುರಿಗೇ ಅಗೆದು ಬಿಸಾಕುವುದು ಹೇಗೆ? ಗಂಡ ಹೆಂಡತಿ ಎದುರುಬದುರು ಕೂತು ಬಹಳ ಹೊತ್ತು ಯೋಚಿಸಿದರು. ಬುದ್ಧಿವಂತ ಜನ ನಮ್ಮ ಊರಿನ ಮರ್ಯಾದೆಯ ಮುಂದೆ ಯಾವಾಗಲೂ ಸೋಲುತ್ತಾರೆ.

ಕೊನೆಗೆ ಮಾರ್ಲಿಸ್ ಕಿಟಕಿಯಿಂದ ಎದುರು ಮನೆಯ ಕಡೆ ನೋಡಿದಳು.

"ಸುಖವಾಗಿರೋನು ಹುಲ್ಲು ಅಗೆದ್ರೆ ಜನ ಯಾಕೆ ಅಂತಾರೆ," ಅಂದಳು ನಿಧಾನವಾಗಿ. "ಹೆಂಡತಿ ಬಿಟ್ಟು ಹೋದೋನು ಏನು ಅಗೆದ್ರೂ ಯಾರೂ ಏನೂ ಕೇಳಲ್ಲ."

ಅರ್ವಿಡ್ ಬೇಡವೆಂದು ಎಷ್ಟೋ ಹೇಳಿದ. ಈಗತಾನೇ ಬಂದಿದ್ದೀಯಲ್ಲ ಅಂದ. ಅಕ್ಕನಿಗೂ ಇನ್ನೊಂದು ವಾರ ಆಸರೆ ಬೇಕು, ಅಷ್ಟೇ ತಾನೆ ಅಂದಳು ಅವಳು. ಇನ್ನೂ ಬಿಚ್ಚದ ಸೂಟ್‌ಕೇಸನ್ನು ಎತ್ತಿಕೊಂಡಳು. ಒಂದು ಗೇಣು ಆಳ ಅಗೆಯಬೇಕು, ಬೇರಿನ ಒಂದು ತುಣುಕೂ ಬಿಡಬಾರದು, ಆ ಮಣ್ಣನ್ನು ಮೂಟೆ ಕಟ್ಟಿ ದೂರ ಹಾಕಬೇಕು, ಗ್ಯಾರೇಜಿನ ಡಬ್ಬಗಳನ್ನು ಮುಟ್ಟಬಾರದು ಎಂದು ತಾಕೀತು ಮಾಡಿದಳು. ಬಾಗಿಲ ಮರೆಯಲ್ಲಿ ಅವನ ಕೆನ್ನೆಗೊಂದು ಮುತ್ತು ಕೊಟ್ಟು, ಹೊರಗೆ ಬಂದು ಡೆಲೋರಿಸಳ ಕಿಟಕಿಗೆ ಕೇಳುವ ಹಾಗೆ ಕಾರಿನ ಬಾಗಿಲನ್ನು ಧಡಾರನೆ ಹಾಕಿಕೊಂಡು ಹೊರಟಳು.

ಅರ್ವಿಡ್ ಸಲಿಕೆ ತಂದು, ಇಳಿಬಿಸಿಲಲ್ಲಿ ಹುಲ್ಲಿನ ನಡುವೆ ನಿಂತು ಅಗೆಯತೊಡಗಿದ. ಎದುರು ಮನೆಯ ಅಡುಗೆಮನೆಯಲ್ಲಿ ದೀಪ ಹತ್ತಿತು, ಓವನ್ನಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿತು. ಅವಳು ಹೇಳಿದ್ದು ಸರಿಯಾಗಿತ್ತು. ಬೀದಿಯಲ್ಲಿ ಹೋಗುವವರು ತಲೆ ತಗ್ಗಿಸಿಕೊಂಡು ಹೋದರೇ ಹೊರತು ಒಬ್ಬರೂ ಯಾಕೆ ಅನ್ನಲಿಲ್ಲ. ಹಾರ್ಲನ್ ಬಂದು ಅಗೆದು ಗುಡ್ಡೆ ಹಾಕಿದ್ದ ತನ್ನ ಹುಲ್ಲನ್ನು ನೋಡಿದ. ಬೇಸರಪಡಲಿಲ್ಲ. ಅರ್ವಿಡನ ಹೆಗಲ ಮೇಲೆ ಕೈ ಹಾಕಿ ಅವನೂ ಸ್ವಲ್ಪ ಹೊತ್ತು ಗುಂಡಿಯನ್ನು ನೋಡುತ್ತಾ ನಿಂತ.

"ಅಗಿ ಮಾರಾಯ," ಅಂದ. "ಮನಸ್ಸು ಹಗುರಾಗೋವರೆಗೂ ಅಗಿ. ಬೇಕಾದ್ರೆ ಪೂರ್ತಿ ಅಂಗಳಾನೇ ಅಗೆದುಬಿಡು, ಯೋಚನೆ ಮಾಡಬೇಡ. ನನ್ನ ಹಿತ್ತಲಲ್ಲಿ ಬೇಕಾದಷ್ಟು ಹುಲ್ಲಿದೆ."